ಏರಿಯ ಬಳಿ ನಿಲ್ಲದ ಬಸ್ಸು

ಡಿಸೆಂಬರ್ ತಿಂಗಳು ಕಾಲಿಟ್ಟಿತೆಂದರೆ ಕತ್ತಲಗೆರೆ, ಬಸವಾಪಟ್ಟಣ, ತ್ಯಾವಣಿಗೆಯ ಸುತ್ತಿನ ಶಾಲೆಗಳಲ್ಲಿ ಪ್ರವಾಸದ ಸಡಗರ ತೊಡಗುತ್ತದೆ. ಮಕ್ಕಳ ಕೈಯಲ್ಲಿ ಬುತ್ತಿಯ ಚೀಲ, ತಾಯಂದಿರ ಬಾಯಲ್ಲಿ ಎಚ್ಚರಿಕೆಯ ಮಾತು, ನಸುಕಿನ ಮೂರು ಗಂಟೆಗೆ ಶಾಲೆಯ ಮುಂದೆ ಬಸ್ಸು. ಬೇಲೂರು, ಹಳೇಬೀಡು, ಶ್ರವಣಬೆಳಗೊಳ, ಮೈಸೂರು ಅರಮನೆ, ಕೃಷ್ಣರಾಜಸಾಗರ. ಅಪ್ಪಂದಿರು ಹೋಗಿಬಂದ ಪಟ್ಟಿಯೇ ಮಕ್ಕಳದೂ ಆಗಿದೆ. ಬಸ್ಸು ಹೊರಟು ಸ್ವಲ್ಪ ಹೊತ್ತಿನಲ್ಲಿಯೇ ಎರಡು ಗುಡ್ಡಗಳ ನಡುವೆ ಕಟ್ಟಿದ ಏರಿಯೊಂದರ ಬಳಿ ಹಾದುಹೋಗುತ್ತದೆ. ಏರಿಯ ಒಂದು ಮಗ್ಗುಲಲ್ಲಿ ಸಾವಿರಾರು ಎಕರೆ ನೀರು ಕತ್ತಲಲ್ಲಿ ಮಲಗಿರುತ್ತದೆ. ಬಸ್ಸಿನೊಳಗೆ ಮಕ್ಕಳೂ ಮಲಗಿರುತ್ತಾರೆ. ಮೂರನೆಯ ದಿನ ಅದೇ ದಾರಿಯಲ್ಲಿ ಹಿಂತಿರುಗುವಾಗಲೂ ನಡುರಾತ್ರಿಯೇ. ಹೀಗಾಗಿ 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯನ್ನು ಕಂಡು ಬೆರಗಾಗುವ ಮಗು, ಅದಕ್ಕಿಂತ ಶತಮಾನಗಳಷ್ಟು ಹಿಂದೆ ತನ್ನದೇ ತಾಲ್ಲೂಕಿನಲ್ಲಿ ಕಟ್ಟಿದ ಸೂಳೆಕೆರೆಯನ್ನು ಹಗಲು ಹೊತ್ತಿನಲ್ಲಿ ನೋಡಿರುವುದಿಲ್ಲ.

ಬೇಲೂರಿನ ಬಗೆಗಾಗಲೀ ಹಳೇಬೀಡಿನ ಬಗೆಗಾಗಲೀ ಯಾರ ತಕರಾರೂ ಇರಲಾರದು. ಸೋಮನಾಥಪುರದೊಂದಿಗೆ ಅವು 2023ರ ಸೆಪ್ಟೆಂಬರಿನಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದುದು ಕನ್ನಡ ನಾಡಿಗೆಲ್ಲ ಸಂತಸದ ಸಂಗತಿ. ಪ್ರಶ್ನೆ ಇರುವುದು ಪಟ್ಟಿಯ ಹೊರಗುಳಿದ ಸ್ಥಳಗಳ ಬಗೆಗೆ. ಪ್ರವಾಸೋದ್ಯಮದ ಭಾಷೆಯಲ್ಲಿ ಇವುಗಳಿಗೆ 'ಅಪರಿಚಿತ ತಾಣ', 'ಅಜ್ಞಾತ ಸ್ವರ್ಗ' ಎಂಬ ಹೆಸರುಗಳು ಚಾಲ್ತಿಯಲ್ಲಿವೆ. ಯಾರಿಗೆ ಅಪರಿಚಿತ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ, ಬಂಜಾರರು ಭಾಯಾಗಡ ಎಂದು ಕರೆಯುವ ಆ ನೆಲಕ್ಕೆ, ಪ್ರತಿವರ್ಷ ಫೆಬ್ರವರಿಯ ನಡುವೆ ಸಂತ ಸೇವಾಲಾಲರ ಜಯಂತಿಗೆಂದು ಮಹಾರಾಷ್ಟ್ರ, ತೆಲಂಗಾಣ, ಆಂಧ್ರಗಳಿಂದ ಜನಸಾಗರವೇ ಬರುತ್ತದೆ. ಎಷ್ಟೋ ಮಂದಿ ಮಾಲೆ ಧರಿಸಿ, ವ್ರತ ಹಿಡಿದು ಬರುತ್ತಾರೆ. ಇಷ್ಟಾದರೂ ಪಟ್ಟಣದ ಪ್ರವಾಸಿ ಕೈಪಿಡಿಗಳ ಮಟ್ಟಿಗೆ ಅದು ಹೆಸರಿಲ್ಲದ ಊರು. ತಾಂಡಾದ ಜನರಿಗೆ ಗೊತ್ತಿರುವುದು ಗೊತ್ತಿರುವುದರ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ಇದರ ಅರ್ಥವಾಗಿದ್ದರೆ, ಆ ಕೈಪಿಡಿಗಳನ್ನು ತಿದ್ದಬೇಕಾದ ಅಗತ್ಯ ಹೆಚ್ಚೇ ಇದೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳು ಒಂದು ವಿಚಿತ್ರವಾದ ಓರೆಯಲ್ಲಿವೆ. ಪಶ್ಚಿಮದಲ್ಲಿ ಅರೆಮಲೆನಾಡಿನ ಅಡಿಕೆ ತೋಟಗಳು ಮತ್ತು ಉಬ್ರಾಣಿ ಕಡೆಯ ಕಾಡು. ಪೂರ್ವದ ತುದಿಯಲ್ಲಿ ಮಳೆಯನ್ನು ಎದುರುನೋಡುವ ಜಗಳೂರಿನ ಕುರುಚಲು ಗುಡ್ಡಗಳು. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ಅತ್ತ ಜೋಗದ ಪ್ರಭೆ, ಇತ್ತ ಕಲ್ಲಿನ ಕೋಟೆಯ ಪ್ರಭೆ. ಎರಡು ದೀಪಗಳ ನಡುವಿನ ನೆರಳಿನಲ್ಲಿ ಈ ಸೀಮೆ ಉಳಿದುಹೋಯಿತು. ಉಳಿದುಹೋದುದರಿಂದ ಆದ ನಷ್ಟ ಎಷ್ಟು, ಲಾಭ ಎಷ್ಟು ಎಂಬುದನ್ನು ಲೆಕ್ಕಹಾಕುವ ಕಾಲ ಈಗ ಬಂದಿದೆ.

ಸೂಳೆಕೆರೆಯಿಂದಲೇ ತೊಡಗಬಹುದು. ಅದು ಏಷ್ಯಾದಲ್ಲಿ ಎರಡನೆಯ ದೊಡ್ಡ ಕೆರೆ ಎಂಬ ಮಾತು ಪಠ್ಯಪುಸ್ತಕದಿಂದ ಭಾಷಣದವರೆಗೆ ಸಾಗಿಬಂದಿದೆ. ಎರಡನೆಯದೋ ಹತ್ತನೆಯದೋ, ಆ ಕೆರೆಯ ಹಿರಿಮೆ ಅಳತೆಯಲ್ಲಿಲ್ಲ. ಸುಮಾರು 2,650 ಹೆಕ್ಟೇರು ಹರವಿನ ನೀರನ್ನು ಹಿಡಿದು ನಿಲ್ಲಿಸಿರುವ ಏರಿಯ ಉದ್ದ ಸಾವಿರ ಅಡಿಯನ್ನೂ ಮುಟ್ಟುವುದಿಲ್ಲ. ಇಷ್ಟು ಚಿಕ್ಕ ಏರಿಗೆ ಅಷ್ಟು ದೊಡ್ಡ ಕೆರೆ ದಕ್ಕಬೇಕಾದರೆ, ಕಟ್ಟಿದವರು ಹರಿದ್ರಾ ತೊರೆಯ ಇಡೀ ಕಣಿವೆಯನ್ನು ನಡೆದು ನೋಡಿ, ಗುಡ್ಡಗಳು ಒಂದಕ್ಕೊಂದು ತೀರ ಸಮೀಪಿಸುವ ಆ ಒಂದೇ ಒಂದು ಕಂಡಿಯನ್ನು ಆರಿಸಿಕೊಂಡಿರಬೇಕು. ನಕಾಶೆಯಿಲ್ಲದ ಕಾಲದಲ್ಲಿ ಕಾಲೇ ನಕಾಶೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಗೆಜೆಟಿಯರನ್ನು ಸಿದ್ಧಪಡಿಸಿದ ಬಿ.ಎಲ್. ರೈಸ್ ಕೂಡ ಏರಿಯ ಉದ್ದಕ್ಕಲ್ಲ, ಅದರ ದಪ್ಪಕ್ಕೂ ಎತ್ತರಕ್ಕೂ ಗಟ್ಟಿತನಕ್ಕೂ ಬೆರಗಾಗಿದ್ದಾನೆ. ಏರಿಯ ಎರಡು ತೂಬುಗಳಿಗೆ ಸಿದ್ಧನ ತೂಬು, ಬಸವನ ತೂಬು ಎಂಬ ಹೆಸರುಗಳಿವೆ. ಅವುಗಳ ಮೂಲಕ ಹರಿದ ನೀರು ಕೆಳಗಿನ ಗದ್ದೆತೋಟಗಳನ್ನು ತಣಿಸುತ್ತದೆ. ತೊರೆ ಮುಂದೆ ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ದೂರದ ಚಿತ್ರದುರ್ಗ ನಗರದ ನಲ್ಲಿಗಳಲ್ಲಿಯೂ ಈ ಕೆರೆಯ ನೀರು ಬಂದಿದೆ.

ಹೆಸರಿನ ಕತೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಸ್ವರ್ಗಾವತಿ ಪಟ್ಟಣದ ಅರಸನ ಮಗಳು ಶಾಂತವ್ವ ಕೆರೆ ಕಟ್ಟಿಸಲು ಹೊರಟಾಗ, ಮುಳುಗಡೆಯಾಗುವ ನೆಲ ಅಲ್ಲಿದ್ದ ಸೂಳೆಯರ ಕೇರಿಯದಾಗಿತ್ತಂತೆ. ತಮ್ಮ ಹೆಸರಿನಲ್ಲಿ ಕೆರೆ ಉಳಿಯುವುದಾದರೆ ನೆಲ ಬಿಟ್ಟುಕೊಡುತ್ತೇವೆ ಎಂದು ಅವರು ಹೇಳಿದರೆಂಬುದು ಜನರ ಬಾಯಲ್ಲಿರುವ ಕತೆ. ಇದು ಐತಿಹ್ಯವೇ ಹೊರತು ಶಾಸನವಲ್ಲ. ಆದರೆ ಮುಳುಗಡೆಯ ನೋವನ್ನು ಲಿಂಗನಮಕ್ಕಿಯಲ್ಲಿ, ಭದ್ರೆಯಲ್ಲಿ ಉಂಡ ಮಲೆನಾಡಿನ ಓದುಗರಿಗೆ ಈ ಐತಿಹ್ಯದ ತೂಕ ಬೇರೆಯಾಗಿಯೇ ಕಂಡೀತು. ನೆಲ ಕಳೆದುಕೊಂಡವರಿಗೆ ಸಂದ ಪರಿಹಾರವೆಂದರೆ ಆ ಹೆಸರೊಂದೇ. ಇಂದು ಸರಕಾರದ ಕಾಗದಗಳಲ್ಲಿ, ಫಲಕಗಳಲ್ಲಿ ಅದು ಶಾಂತಿಸಾಗರವಾಗಿದೆ. ಸಭ್ಯತೆಯ ಹೆಸರಿನಲ್ಲಿ ಆ ಹಳೆಯ ಪರಿಹಾರವನ್ನೂ ಹಿಂದಕ್ಕೆ ಪಡೆದಂತಾಯಿತಲ್ಲವೆ? ಸುತ್ತಲಿನ ಹಳ್ಳಿಗರು ಮಾತ್ರ ಇಂದಿಗೂ ಸಂಕೋಚವಿಲ್ಲದೆ ಸೂಳೆಕೆರೆ ಎನ್ನುತ್ತಾರೆ.

ಈ ಕೆರೆಯನ್ನು ಪ್ರವಾಸಿ ತಾಣವಾಗಿ ಅಭಿವೃದ್ಧಿಪಡಿಸಬೇಕೆಂಬ ಮಾತು ವರ್ಷವರ್ಷವೂ ಕೇಳಿಬರುತ್ತದೆ. ದೋಣಿವಿಹಾರ, ಉದ್ಯಾನ, ಬಣ್ಣದ ದೀಪ, ಅತಿಥಿಗೃಹ ಎಲ್ಲವೂ ಆ ಮಾತಿನಲ್ಲಿರುತ್ತವೆ. ಹೂಳಿನ ಮಾತು ಕಡಿಮೆ. ಕೆರೆಯ ಗಡಿಯನ್ನು ಅಳೆದು ಕಲ್ಲು ನೆಡಿ ಎಂದು ಸ್ಥಳೀಯರು ವರ್ಷಗಳ ಕಾಲ ಒತ್ತಾಯಿಸಬೇಕಾಯಿತು. ಕೆರೆಯಂಗಳದ ಅಂಚಿನಲ್ಲಿ ನೀರು ಹಿಂದೆ ಸರಿದಾಗ ಉಳುಮೆ, ಉಳುಮೆಯ ಹಿಂದೆ ಅಡಿಕೆ ಸಸಿ, ಸಸಿ ಮರವಾದ ಮೇಲೆ ಹಕ್ಕಿನ ಮಾತು. ಒತ್ತುವರಿ ನಾಡಿನ ಎಲ್ಲೆಡೆ ಸಾಗುವ ಕ್ರಮವೇ ಇದು. ಮೇಲಿನ ಇಳಿಜಾರುಗಳಲ್ಲಿ ಮೆಕ್ಕೆಜೋಳದ ಹೊಲಗಳನ್ನು ಇಳಿಜಾರಿನ ಗುಂಟವೇ ಉಳುವುದು ರೂಢಿಯಾದಲ್ಲೆಲ್ಲ ಮುಂಗಾರಿನ ಮೊದಲ ಬಿರುಮಳೆ ಮೇಲ್ಮಣ್ಣನ್ನು ಹೊತ್ತು ತೊರೆಗೆ ಇಳಿಸುತ್ತದೆ. ಅಡ್ಡಲಾಗಿ ಉತ್ತು, ಬದುವಿಗೆ ಹುಲ್ಲು ನೆಟ್ಟರೆ ಅದೇ ಮಣ್ಣು ಅದೇ ಹೊಲದಲ್ಲಿ ಉಳಿಯುತ್ತದೆ. ಇದಕ್ಕೆ ದೊಡ್ಡ ವಿಜ್ಞಾನವೇನೂ ಬೇಕಿಲ್ಲ. ಹೊಲದಲ್ಲಿ ಒಂದು ಅಂಗುಲ ಮಣ್ಣು ಹುಟ್ಟಲು ಶತಮಾನಗಳೇ ಬೇಕು, ಕೆರೆಗೆ ಜಾರಲು ನಾಲ್ಕು ಮಳೆಗಾಲ ಸಾಕು. ಏರಿಯ ಮೇಲೆ ನಿಂತ ಪ್ರವಾಸಿಗೆ ಕಾಣುವುದು ನೀರಿನ ಹರವು ಮಾತ್ರ. ಅದರ ಆಳ ತಗ್ಗುತ್ತಿರುವುದು ಯಾವ ಛಾಯಾಚಿತ್ರದಲ್ಲಿಯೂ ಬೀಳುವುದಿಲ್ಲ. ದೋಣಿವಿಹಾರಕ್ಕೆ ಮೊಣಕಾಲುದ್ದದ ನೀರಿದ್ದರೂ ನಡೆದೀತು, ಕಡೆಯ ಗದ್ದೆಗೆ ನಡೆಯದು.

ಸೂಳೆಕೆರೆಯಿಂದ ಹೆಚ್ಚು ದೂರವಿಲ್ಲದ ಸಂತೇಬೆನ್ನೂರಿನಲ್ಲಿ ಇನ್ನೊಂದು ಬಗೆಯ ನೀರಿದೆ. ಹದಿನಾರನೆಯ ಶತಮಾನದಲ್ಲಿ ಇಲ್ಲಿಯ ನಾಯಕ ಅರಸು ಹನುಮಪ್ಪ ನಾಯಕ ಕಟ್ಟಿಸಿದ ಪುಷ್ಕರಿಣಿ, ಅದರ ನಟ್ಟನಡುವೆ ನೀರಿನೊಳಗಿಂದ ಎದ್ದ ವಸಂತ ಮಂಟಪ, ದಂಡೆಯ ಮೇಲೆ ಕಿರುಮಂಟಪಗಳು. ಮೆಟ್ಟಿಲುಗಳ ಮೇಲೆ ಸಂಜೆಯ ಬೆಳಕು ಬಿದ್ದಾಗ ಇದನ್ನು ಕಂಡವರು ಮತ್ತೆ ಹಂಪಿಯ ಹೊಂಡಗಳೊಂದಿಗೆ ಹೋಲಿಸಲು ಹೋಗಲಾರರು. ಪಕ್ಕದಲ್ಲಿಯೇ ಬಿಜಾಪುರದವರು ಈ ಸೀಮೆಯನ್ನು ಹಿಡಿದಿದ್ದ ಹದಿನೇಳನೆಯ ಶತಮಾನದ ಮುಸಾಫಿರ್‌ಖಾನೆ. ಮುಸಾಫಿರ ಎಂದರೆ ದಾರಿಹೋಕ. ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಈ ಜೋಡಿ ಸ್ಮಾರಕದ ಹೆಸರಿನಲ್ಲಿಯೇ ದಾರಿಹೋಕನಿದ್ದಾನೆ, ದಾರಿಹೋಕರು ಮಾತ್ರ ವಿರಳ.

ಹೊದಿಗೆರೆಯ ಕತೆ ಇದಕ್ಕಿಂತ ಸಣ್ಣದು, ಇದಕ್ಕಿಂತ ವಿಷಾದದ್ದು. ಶಿವಾಜಿಯ ತಂದೆ ಶಹಾಜಿ 1664ರ ಜನವರಿಯಲ್ಲಿ ಬೇಟೆಯಾಡುವಾಗ ಕುದುರೆಯಿಂದ ಬಿದ್ದು ತೀರಿಕೊಂಡದ್ದು ಇಲ್ಲಿ. ಮರಾಠಿ ನಾಡಿನಿಂದ ಹುಡುಕಿಕೊಂಡು ಬಂದು ಸಮಾಧಿಗೆ ಕೈಮುಗಿಯುವವರಿದ್ದಾರೆ. ಚನ್ನಗಿರಿಯ ಮಕ್ಕಳು ಬಂದದ್ದು ಕಡಿಮೆ. ಬೇಟೆಗೆ ಯೋಗ್ಯವಾದ ಕಾಡು ಆಗ ಇಲ್ಲಿತ್ತು ಎಂಬುದಕ್ಕೆ ಆ ಸಾವೇ ಸಾಕ್ಷಿ. ಈಗ ಸುತ್ತ ಅಡಿಕೆ. ಇತಿಹಾಸದ ಮೇಷ್ಟರೂ ಪರಿಸರದ ಮೇಷ್ಟರೂ ಒಟ್ಟಿಗೆ ಪಾಠ ಮಾಡಬಹುದಾದ ಜಾಗಗಳಲ್ಲಿ ಇದೂ ಒಂದು. ಕೆಳದಿಯ ಚೆನ್ನಮ್ಮಾಜಿಯ ಹೆಸರು ಹೊತ್ತ ಚನ್ನಗಿರಿಯ ಕೋಟೆಬೆಟ್ಟ, ಅದರ ನೆತ್ತಿಯ ರಂಗನಾಥ, ಬಸವಾಪಟ್ಟಣದ ಮುರಿದ ಕೋಟೆ ಇವೆಲ್ಲ ಅದೇ ಒಂದು ದಿನದ ದಾರಿಯಲ್ಲಿ ಸಿಗುತ್ತವೆ.

ನ್ಯಾಮತಿ ತಾಲ್ಲೂಕಿನ ಬೆಳಗುತ್ತಿ ಒಮ್ಮೆ ಸಿಂದ ಅರಸರ ರಾಜಧಾನಿಯಾಗಿತ್ತು. ಅದರ ಸಮೀಪದ ಗುಡ್ಡದಲ್ಲಿರುವ ತೀರ್ಥರಾಮೇಶ್ವರದಲ್ಲಿ ಬಸವನ ಬಾಯಿಂದ ಬಿರುಬೇಸಗೆಯಲ್ಲಿಯೂ ನೀರು ಸುರಿಯುತ್ತದೆ. ಕಾಶಿಯಿಂದ ಬರುವ ಗಂಗೆ ಎಂದು ಭಕ್ತರು ನಂಬುತ್ತಾರೆ. ಆ ನಂಬಿಕೆಗೆ ಅಡ್ಡಿಪಡಿಸದೆಯೂ ಒಂದು ಮಾತನ್ನು ಹೇಳಬಹುದು. ಮಳೆಗಾಲದಲ್ಲಿ ಗುಡ್ಡದ ಮರಗಿಡಗಳ ಬುಡದಲ್ಲಿ ಇಂಗಿದ ನೀರು ಕಲ್ಲಿನ ಸೀಳುಗಳಲ್ಲಿ ನಿಧಾನವಾಗಿ ಇಳಿದು ತಿಂಗಳುಗಳ ಬಳಿಕ ಒರತೆಯಾಗಿ ಹೊರಬರುತ್ತದೆ. ಗುಡ್ಡದ ನೆತ್ತಿಯಲ್ಲಿ ವಾಹನ ನಿಲುಗಡೆಗೆಂದು ನೆಲವನ್ನು ಸಮತಟ್ಟು ಮಾಡಿ ಕಾಂಕ್ರೀಟು ಹಾಸಿದರೆ, ಹೊಸ ಕೊಳವೆಬಾವಿಗಳನ್ನು ಬುಡದಲ್ಲಿ ಕೊರೆದರೆ, ಬಸವನ ಬಾಯಿ ಒಣಗಲು ತಡವಾಗದು. ಕೊಡಚಾದ್ರಿಯಿಂದ ಬಾಬಾಬುಡನ್‌ಗಿರಿಯವರೆಗೆ ಜಲಮೂಲದ ಪಕ್ಕದಲ್ಲಿ ಊರು ಬೆಳೆಸಿ, ಆ ಊರಿಗೆ ಟ್ಯಾಂಕರಿನಲ್ಲಿ ನೀರು ತರಿಸುವ ಚಮತ್ಕಾರವನ್ನು ಮಲೆನಾಡು ಹಲವೆಡೆ ಕಲಿಯತೊಡಗಿದೆ. ಅದನ್ನು ಇಲ್ಲಿಗೂ ರಫ್ತು ಮಾಡಬೇಕಿಲ್ಲ.

ಇವೆಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಒಳಗಾದುದು ಜಗಳೂರು. 'ಅಲ್ಲೇನಿದೆ, ಕಲ್ಲು, ಜಾಲಿ' ಎಂಬ ಮಾತನ್ನು ಜಗಳೂರಿನವರೇ ಹೇಳುವಷ್ಟು ಆ ಅಲಕ್ಷ್ಯ ಒಳಗಿಳಿದಿದೆ. ರಂಗಯ್ಯನದುರ್ಗದ ಕುರುಚಲು ಕಾಡಿನಲ್ಲಿ ಕೊಂಡುಕುರಿ ಇದೆ. ಜಗತ್ತಿನ ಕಾಡುಪ್ರಾಣಿಗಳಲ್ಲಿ ನಾಲ್ಕು ಕೊಂಬು ಹೊತ್ತದ್ದು ಇದೊಂದೇ. ಭಾರತ ಮತ್ತು ನೇಪಾಳವನ್ನು ಬಿಟ್ಟು ಬೇರೆಲ್ಲಿಯೂ ಇಲ್ಲ. ಕಿವಿಗಳ ನಡುವೆ ಒಂದು ಜೊತೆ, ಹಣೆಯ ಮೇಲೆ ಅದಕ್ಕಿಂತ ಗಿಡ್ಡನೆಯ ಇನ್ನೊಂದು ಜೊತೆ, ಹೆಣ್ಣಿಗೆ ಕೊಂಬಿಲ್ಲ. ಜಿಂಕೆಯಂತೆ ಹಿಂಡು ಕಟ್ಟದೆ ಒಂಟಿಯಾಗಿಯೋ ಜೊತೆಯಾಗಿಯೋ ಇರುತ್ತದೆ. ಹುಲ್ಲಿನ ಎತ್ತರದಲ್ಲಿ ಅಡಗಿ ನಿಂತು, ಮನುಷ್ಯ ತೀರ ಹತ್ತಿರ ಬಂದಾಗ ಮಾತ್ರ ನೆಗೆದು ಓಡುತ್ತದೆ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಿಕ್ಕೆ ಹಾಕುವ ಅಭ್ಯಾಸ ಇದಕ್ಕಿರುವುದರಿಂದ, ಪ್ರಾಣಿಯನ್ನು ಕಾಣದವರೂ ಹಿಕ್ಕೆಯ ಗುಡ್ಡೆಯಿಂದ ಅದರ ಇರವನ್ನು ಅರಿಯಬಹುದು. 2011ರಲ್ಲಿ ಇಲ್ಲಿಯ ಸುಮಾರು 77 ಚದರ ಕಿಲೋಮೀಟರ್ ಪ್ರದೇಶವನ್ನು ಕೊಂಡುಕುರಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು.

ಇದು ಬಂಡೀಪುರದಂತೆ ಜೀಪಿನಲ್ಲಿ ಕುಳಿತು ನೋಡುವ ಕಾಡಲ್ಲ. ದಿಂಡಿಗ, ಕವಳೆ, ತಂಗಡಿ, ಬಂದರಿಕೆಯ ನಡುವೆ ಅರಣ್ಯ ಇಲಾಖೆಯ ಅನುಮತಿ ಪಡೆದು, ಇಲಾಖೆಯವರೊಂದಿಗೆ ಬೆಳಗಿನ ಜಾವ ಮೌನವಾಗಿ ನಡೆಯಬೇಕು. ನಡೆದರೂ ಕೊಂಡುಕುರಿ ಕಾಣಿಸದೇ ಇರಬಹುದು. ಕಾಣಿಸುವುದು ನೆಲ. ಹಸಿರಾಗಿರುವುದೆಲ್ಲ ಕಾಡು, ಹಸಿರಿಲ್ಲದ್ದೆಲ್ಲ ಬಂಜರು ಎಂಬ ಮಲೆನಾಡಿನ ಮಕ್ಕಳ ಭಾವನೆಯನ್ನು ಒಡೆಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗಲಾರದು. 2000ದಲ್ಲಿ ಪ್ರಕಟವಾದ ಭಾರತದ ಬಂಜರುಭೂಮಿ ನಕಾಶೆಯೂ ಕುರುಚಲು ನೆಲವನ್ನು ಬಂಜರಿನ ಬಗೆಗಳಲ್ಲಿಯೇ ಸೇರಿಸಿತು. ಬಂಜರು ಎಂದು ಕಾಗದದಲ್ಲಿ ಬರೆದ ಮೇಲೆ ಕಲ್ಲುಕ್ವಾರಿಗೋ ಗಾಳಿಯಂತ್ರಕ್ಕೋ ನೀಲಗಿರಿ ನೆಡುತೋಪಿಗೋ ಕೊಡಲು ಯಾರ ಮನಸ್ಸೂ ಅಳುಕುವುದಿಲ್ಲ. ಕುರಿ ಕಾಯುವವನಿಗೆ ಅದು ಹುಲ್ಲುಗಾವಲು, ಕೊಂಡುಕುರಿಗೆ ಮನೆ.

ಹಾಗಾದರೆ ಈ ಸ್ಥಳಗಳನ್ನು ಪ್ರಸಿದ್ಧಗೊಳಿಸಬೇಕೆ, ಮುಚ್ಚಿಡಬೇಕೆ? ಪರಿಸರದ ಕಾಳಜಿಯುಳ್ಳವರಲ್ಲಿ ಹಲವರು ಮುಚ್ಚಿಡುವುದೇ ಲೇಸು ಎನ್ನುತ್ತಾರೆ. ಅವರ ಭಯಕ್ಕೆ ಕಾರಣವಿದೆ. 2024ರ ಜನವರಿಯಲ್ಲಿ ಕುಮಾರಪರ್ವತದ ತಪ್ಪಲಿನಲ್ಲಿ ಒಂದೇ ವಾರಾಂತ್ಯಕ್ಕೆ ಸಾವಿರಾರು ಚಾರಣಿಗರು ಮುಗಿಬಿದ್ದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಮುಂಗಡ ನೋಂದಣಿ ಇಲ್ಲದ ಚಾರಣಗಳನ್ನು ತಡೆಹಿಡಿಯಬೇಕಾಯಿತು. ಮುಳ್ಳಯ್ಯನಗಿರಿಗೆ ಹೋಗುವ ವಾಹನಗಳಿಗೆ 2025ರ ಸೆಪ್ಟೆಂಬರಿನಿಂದ ಮುಂಗಡ ನೋಂದಣಿಯನ್ನು ಚಿಕ್ಕಮಗಳೂರು ಜಿಲ್ಲಾಡಳಿತ ಕಡ್ಡಾಯಗೊಳಿಸಿತು. ಇಟಲಿಯ ವೆನಿಸ್ ನಗರವೇ 2024ರ ಏಪ್ರಿಲಿನಿಂದ, ದಟ್ಟಣೆಯ ದಿನಗಳಲ್ಲಿ ಹಗಲು ಬಂದು ಹಗಲೇ ಹೋಗುವವರಿಗೆ 5 ಯೂರೋ ಶುಲ್ಕ ವಿಧಿಸತೊಡಗಿದೆ. ಗಮನಿಸಬೇಕಾದ ಸಂಗತಿಯೆಂದರೆ, ಈ ಕಡೆಗಳಲ್ಲೆಲ್ಲ ನಿಯಮ ಬಂದದ್ದು ಜನಸಂದಣಿ ಬಂದ ಮೇಲೆ. ಒಮ್ಮೆ ವಸತಿಗೃಹಗಳು ತಲೆಯೆತ್ತಿ, ಸಾಲಗಳು ಬೆಳೆದು, ವಾಹನಗಳನ್ನು ಕೊಂಡ ಮೇಲೆ 'ಇಷ್ಟೇ ಮಂದಿ ಬನ್ನಿ' ಎನ್ನುವುದು ಬಹು ಕಷ್ಟ.

ಮುಚ್ಚಿಡುವುದೂ ಆಗದ ಮಾತು. ಕೈಫೋನಿನ ಕಾಲದಲ್ಲಿ ಯಾವ ಗುಡ್ಡವೂ ಅಡಗಿರಲಾರದು. ಜೊತೆಗೆ, ಯಾರೂ ಬಾರದ ಜಾಗವನ್ನು ಕ್ವಾರಿಗೆ ಕೊಡುವುದೂ ಸುಲಭ, ಒತ್ತುವುದೂ ಸುಲಭ. ಸೂಳೆಕೆರೆಯ ಗಡಿಗಲ್ಲು ಎಲ್ಲಿರಬೇಕೆಂದು ಗೊತ್ತಿರುವ ನೂರು ಮಕ್ಕಳು ಊರೂರಿನಲ್ಲಿದ್ದರೆ ಆ ಕಲ್ಲನ್ನು ಕೀಳುವುದು ಕಷ್ಟವಾಗುತ್ತದೆ. ಈ ಸೀಮೆಗೆ ಪ್ರವಾಸೋದ್ಯಮದ ಮಳೆ ಇನ್ನೂ ಸುರಿದಿಲ್ಲ. ಮಳೆಗೆ ಮೊದಲು ಬದು ಹಾಕುವ ಅವಕಾಶ ಇಲ್ಲಿಯವರಿಗಿದೆ. ಜಗಳೂರಿನ ರೈತನಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬದು ಹಾಕುವವರು ಯಾರು ಎಂಬಲ್ಲಿ ಗ್ರಾಮ ಪಂಚಾಯಿತಿಯ ಹೆಸರು ಬರುತ್ತದೆ. 2002ರ ಜೀವವೈವಿಧ್ಯ ಕಾಯಿದೆಯಂತೆ ಪಂಚಾಯಿತಿಗೊಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನರ ನೆರವಿನಿಂದ ಊರಿನ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸಬೇಕು. ಬಹುತೇಕ ಕಡೆ ಈ ದಾಖಲೆ ಯಾರೋ ಬರೆದು ಕಪಾಟಿನಲ್ಲಿಟ್ಟ ಕಡತ. ಅದನ್ನು ಹೊರತೆಗೆದು, ಕೆರೆ, ಒರತೆ, ಗೋಮಾಳ, ದೇವರಬನ, ಜಾತ್ರೆಯ ಬಯಲು ಯಾವ ಸ್ಥಿತಿಯಲ್ಲಿವೆ, ಯಾವುದು ಎಷ್ಟು ಜನರನ್ನು ತಾಳೀತು, ಯಾವ ತಿಂಗಳಲ್ಲಿ ಯಾರೂ ಹೋಗಬಾರದು ಎಂದು ಊರವರೇ ಬರೆದರೆ ಅದಕ್ಕಿಂತ ಒಳ್ಳೆಯ ಪ್ರವಾಸಿ ಕೈಪಿಡಿ ಇಲ್ಲ. ಉದಾಹರಣೆಗೆ, ಚನ್ನಗಿರಿಯ ಕಾಡಂಚಿನಲ್ಲಿ ಯಾವ ದಾರಿಯಲ್ಲಿ ಆನೆ ದಾಟುತ್ತದೆ ಎಂಬುದು ಅಲ್ಲಿಯವರಿಗೆ ಗೊತ್ತು. 2023ರ ಏಪ್ರಿಲಿನಲ್ಲಿ ಈ ತಾಲ್ಲೂಕಿನಲ್ಲಿ ಕಾಡಾನೆಯ ದಾಳಿಗೆ ಬಾಲಕಿಯೊಬ್ಬಳು ಬಲಿಯಾದಳು. ಆನೆಯನ್ನು ಹಿಡಿಯುವ ಕಾರ್ಯಾಚರಣೆಯಲ್ಲಿ ಪಶುವೈದ್ಯರೊಬ್ಬರು ತೀವ್ರವಾಗಿ ಗಾಯಗೊಂಡರು. ಊರವರೇ ಜೀವ ಕೈಯಲ್ಲಿ ಹಿಡಿದು ನಡೆಯುವ ದಾರಿಗೆ ಬೆಂಗಳೂರಿನಿಂದ ರಾತ್ರಿ ಚಾರಣದ ಜಾಹೀರಾತು ಬರಬಾರದು.

ಕತ್ತಲಗೆರೆಯಲ್ಲಿ ಇನ್ನೊಂದು ಬಗೆಯ ಪ್ರವಾಸ ಬಹುಕಾಲದಿಂದ ನಡೆಯುತ್ತಿದೆ, ಅದನ್ನು ಯಾರೂ ಪ್ರವಾಸವೆಂದು ಕರೆದಿಲ್ಲ. ಅಲ್ಲಿಯ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರದ ತಾಕುಗಳನ್ನು ನೋಡಲು ರೈತರು ಗುಂಪುಗುಂಪಾಗಿ ಬರುತ್ತಾರೆ. ಹೆಗಲ ಮೇಲೆ ಟವೆಲು, ಕಿಸೆಯಲ್ಲಿ ಚೀಟಿ. ಬದುವಿನ ಮೇಲೆ ಕುಳಿತು ತೆನೆಯನ್ನು ಅಂಗೈಯಲ್ಲಿ ಉಜ್ಜಿ ನೋಡುತ್ತಾರೆ, ಒಪ್ಪದಿದ್ದರೆ ವಿಜ್ಞಾನಿಯ ಮುಖದ ಮೇಲೆಯೇ ಹೇಳುತ್ತಾರೆ, ಸಂಜೆಯ ಬಸ್ಸಿಗೆ ಮರಳುತ್ತಾರೆ. ಹೋದ ಜಾಗಕ್ಕೆ ಯಾವ ಹಾನಿಯನ್ನೂ ಮಾಡದೆ, ಏನನ್ನಾದರೂ ತಿಳಿದು ಬರುವ ಈ ಕ್ರಮ ಶಾಲೆಗಳಿಗೂ ಸಲ್ಲುತ್ತದೆ.

ಅದಕ್ಕೆ ಮೂರು ದಿನವೂ ಬೇಡ, ಸಾವಿರಾರು ರೂಪಾಯಿಯೂ ಬೇಡ. ಬೇಲೂರಿಗೆ ಹೋಗುವ ವರ್ಷ ಬೇಲೂರಿಗೆ ಹೋಗಲಿ. ಅದಕ್ಕೆ ಮೊದಲು ಒಂದು ಶನಿವಾರ ಸಿದ್ಧನ ತೂಬಿನ ಬಳಿ ಮಕ್ಕಳನ್ನು ಇಳಿಸಿ, ನೀರಗಂಟಿಯ ಕೆಲಸ ಬಲ್ಲ ಹಿರಿಯರೊಬ್ಬರನ್ನು ಕರೆಸಿ, ತೂಬು ಎತ್ತಿದ ನೀರು ಯಾರ ಗದ್ದೆಗೆ ಮೊದಲು, ಯಾರ ಗದ್ದೆಗೆ ಕಡೆಗೆ ಎಂದು ಕೇಳಿಸಬಹುದು. ಮಧ್ಯಾಹ್ನ ಬುತ್ತಿ ಬಿಚ್ಚಲು ಸಂತೇಬೆನ್ನೂರಿನ ಪುಷ್ಕರಿಣಿಯ ಹೊರಗೆ ನೆರಳಿದೆ. ಬಾಳೆಲೆಯಲ್ಲಿ ಕಟ್ಟಿಸಿಕೊಂಡು ಹೋದರೆ ಪ್ಲಾಸ್ಟಿಕ್ಕಿನ ಚಿಂತೆಯೂ ಇಲ್ಲ. ಹೊದಿಗೆರೆಯನ್ನು ನೋಡಿ ಹೊರಟರೂ ದೀಪ ಹಚ್ಚುವ ಹೊತ್ತಿಗೆ ಮಕ್ಕಳು ಮನೆಯಲ್ಲಿರುತ್ತಾರೆ. ಬರುವ ಡಿಸೆಂಬರಿನಲ್ಲಿ ಮೈಸೂರಿನ ಬಸ್ಸು ನಸುಕಿನ ಕತ್ತಲಲ್ಲಿ ಏರಿಯ ಬಳಿ ಹಾದುಹೋಗುವಾಗ ಕಿಟಕಿಯ ಪಕ್ಕದಲ್ಲಿ ಒಂದೆರಡು ಮಕ್ಕಳಾದರೂ ಎಚ್ಚರವಾಗಿ ಕುಳಿತಿರುತ್ತಾರೆ.